ಮಹಾಡ್‌ಗೆ ಹೋಗಿದ್ದು ಕೆರೆ ಮುಚ್ಚಿಸೋಕಲ್ಲ



ಸ್ವಲ್ಪ ಉದ್ದದ ಪೋಸ್ಟು. ಬಸ್ಸಲ್ಲಿ ಕೂತಿರೋರು ಈಗಲೇ ಓದಿ, ಕೆಲಸದಲ್ಲಿರೋರು ಸೇವ್ ಮಾಡ್ಕೊಂಡು ರಾತ್ರಿ ಓದಿ.

ಹೋದ ಭಾನುವಾರ ನಮ್ಮ ತಾಲ್ಲೂಕಿನ ಅಂಬೇಡ್ಕರ್ ಜಯಂತಿ ಸಮಿತಿಯ ಮೀಟಿಂಗಲ್ಲಿ ನಾನು ಇಂಗ್ಲೆಂಡಿನ ಒಂದು ಚರ್ಚಿನ ಹಾಡಿನ ತಂಡದ ವಿಚಾರ ತೆಗೆದೆ. ಎಲ್ರೂ ಮುಖ ಮುಖ ನೋಡ್ಕೊಂಡ್ರು. ಒಬ್ಬ ಹುಡುಗ ಕೇಳೇಬಿಟ್ಟ, "ಅಣ್ಣ, ಇಲ್ಲಿ ನಮಗೆ ಸ್ಮಶಾನಕ್ಕೆ ದಾರಿ ಇಲ್ಲ, ನೀವು ಬಿಳಿಯರ ಚರ್ಚಿನ ಹಾಡಿಗೆ ಅಳ್ತಿದ್ದೀರಲ್ಲ?" ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಕೊಡೋಕೆ ಅಲ್ಲಿ ಟೈಮ್ ಇರ್ಲಿಲ್ಲ, ಆಗಲೇ ಪೆಂಡಾಲಿನವನ ಲೆಕ್ಕಕ್ಕೆ ಜಗಳ ಶುರುವಾಗಿತ್ತು. ಅದಕ್ಕೆ ಇಲ್ಲಿ ಬರೀತಿದ್ದೀನಿ. ಆ ಮೀಟಿಂಗಿಗೂ ಈ ಚರ್ಚಿಗೂ ಏನು ಸಂಬಂಧ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಮೊದಲು ನಡೆದಿದ್ದೇನು ಅಂತ ನೋಡೋಣ.

ಇಂಗ್ಲೆಂಡಿನ ಉತ್ತರಕ್ಕೆ ಶೆಫೀಲ್ಡ್ ಅಂತ ಊರಿದೆ. ಉಕ್ಕಿನ ಊರು. ಚಾಕು, ಕತ್ತರಿ, ಚಮಚಕ್ಕೆ ಲೋಕದಲ್ಲೆಲ್ಲ ಹೆಸರಾದ ಊರು. ಎರಡನೇ ಮಹಾಯುದ್ಧದ ನಂತರ ಯೆಮೆನ್, ಪಾಕಿಸ್ತಾನ, ಕೆರಿಬಿಯನ್ ದ್ವೀಪಗಳಿಂದ ಬಂದ ಜನ ಅಲ್ಲಿನ ಕುಲುಮೆಗಳಲ್ಲಿ ಬೆವರು ಸುರಿಸಿದ್ರು. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಸಾವಿರಾರು ಮನೆಗಳ ಕೆಲಸ ಹೋಯ್ತು. ನಮ್ಮ ಕೆಜಿಎಫ್ ನೋಡಿದವರಿಗೆ ಅಂಥಾ ಊರು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನ ಮಧ್ಯದಲ್ಲಿ ಹಳೇ ಕಲ್ಲಿನ ಚರ್ಚೊಂದಿದೆ. 1914ರಲ್ಲಿ ಅದು ಕೆಥೆಡ್ರಲ್ ಆಯ್ತು, ಅಂದ್ರೆ ಬಿಷಪ್ಪರ ಪೀಠ ಇರೋ ಚರ್ಚು. ಅಲ್ಲಿ ಮಕ್ಕಳು ಮತ್ತು ದೊಡ್ಡವರು ಸೇರಿ ಹಾಡೋ ಒಂದು ಕ್ವಾಯರ್ ಇತ್ತು.

2020ರ ಜುಲೈನಲ್ಲಿ, ಕೊರೊನಾದಿಂದ ಲೋಕವೇ ಬಾಗಿಲು ಹಾಕ್ಕೊಂಡು ಕೂತಿದ್ದಾಗ, ಕೆಥೆಡ್ರಲ್ಲಿನ ಆಡಳಿತ ಮಂಡಳಿ ಒಂದು ಪ್ರಕಟಣೆ ಹೊರಡಿಸ್ತು. ಈಗಿರೋ ಕ್ವಾಯರನ್ನ ಮುಚ್ಚುತ್ತೇವೆ, ಪೂರ್ತಿ ಹೊಸದಾಗಿ ಶುರು ಮಾಡುತ್ತೇವೆ, ನಾನಾ ಜನ ಬೆರೆತು ಬದುಕೋ ಈ ನಗರಕ್ಕೆ ತಕ್ಕ ಹಾಗೆ, ಹೆಚ್ಚು ಜನರನ್ನ ಒಳಗೊಳ್ಳೋ ಹಾಗೆ ಹೊಸ ಮಾದರಿ ಕಟ್ಟುತ್ತೇವೆ ಅನ್ನೋದು ಅದರ ಸಾರ. ಮಾರ್ಚಿನಿಂದ ಆ ಮಕ್ಕಳು ಒಟ್ಟಿಗೆ ನಿಂತು ಹಾಡೇ ಇರ್ಲಿಲ್ಲ, ಲಾಕ್‌ಡೌನು. ಕಡೇ ಸಲ ಒಂದು ಹಾಡು ಹಾಡಿ ಬೀಳ್ಕೊಡೋಣ ಅನ್ನೋದಕ್ಕೂ ಅವಕಾಶ ಇರ್ಲಿಲ್ಲ.

ನನಗೆ ಈ ಸುದ್ದಿ ಹೇಳಿದ್ದು ನಮ್ಮ ಚಿಕ್ಕಪ್ಪನ ಮಗಳು. ನರ್ಸು, ಆ ಕಡೆಯ ಒಂದು ಆಸ್ಪತ್ರೆಲಿ ಕೆಲಸ. ನಮ್ಮ ಚಿಕ್ಕಪ್ಪನ ಮನೆಯವರು ಕ್ರಿಶ್ಚಿಯನ್ನರು, ತಾತನ ಕಾಲದಲ್ಲೇ ಮಿಷನ್ನಿನವರ ಜೊತೆ ಹೋದವರು. ನಮ್ಮಪ್ಪ ಹೋಗ್ಲಿಲ್ಲ, ಆಮೇಲೆ ಬುದ್ಧನ ಕಡೆ ಬಂದ್ರು. ಡ್ಯೂಟಿ ಮುಗಿಸ್ಕೊಂಡು ಅವಳು ಕೆಲವು ಸಂಜೆ ಆ ಕೆಥೆಡ್ರಲ್ಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರ್ತಿದ್ಲಂತೆ. ಈವನ್‌ಸಾಂಗ್ ಅಂತಾರೆ, ಸಂಜೆಯ ಹಾಡಿನ ಆರಾಧನೆ. ಮುಕ್ಕಾಲು ಗಂಟೆ. ಟಿಕೆಟ್ ಇಲ್ಲ, ಯಾರು ಏನು ಎತ್ತ ಅಂತ ಯಾರೂ ಕೇಳಲ್ಲ. "ಅಣ್ಣ, ಆ ಮಕ್ಕಳನ್ನ ಕಳಿಸಿಬಿಟ್ರಂತೆ. ನಮ್ಮಂಥವರನ್ನ ಒಳಗೆ ಕರ್ಕೊಳ್ಳೋಕೆ ಅಂತ ಕಳಿಸಿದ್ರಂತೆ. ನಾನು ಆಗಲೇ ಒಳಗಿದ್ನಲ್ಲ?" ಅಂದ್ಲು.

ಆ ಕಡೇ ಮಾತು ಐದು ವರ್ಷದಿಂದ ನನ್ನ ತಲೆಲಿ ಕೂತಿದೆ.

ಈಗ ನೇರವಾಗಿ ನನ್ನ ಅಭಿಪ್ರಾಯ ಹೇಳ್ತೀನಿ. ಶೆಫೀಲ್ಡಿನ ಕ್ವಾಯರನ್ನ ಮುಚ್ಚಿದ್ದು ತಪ್ಪು. ಅದನ್ನ ಉಳಿಸಿಕೊಳ್ಳೋಕೆ ಹೊರಟ ಅಪ್ಪ ಅಮ್ಮಂದಿರ ಪರ ನಾನಿದ್ದೀನಿ. "ಒಳಗೊಳ್ಳುವಿಕೆ" ಅನ್ನೋ ಮಾತು ಬಂದ ತಕ್ಷಣ ಚಪ್ಪಾಳೆ ಹೊಡೆಯೋ ನಮ್ಮ ಕೆಲವು ಗೆಳೆಯರ ಪರ ಅಲ್ಲ.

ಯಾಕೆ?

1927ರ ಮಾರ್ಚ್ 20. ಬಾಬಾಸಾಹೇಬರು ಸಾವಿರಾರು ಜನರನ್ನ ಕರ್ಕೊಂಡು ಮಹಾಡಿನ ಚವದಾರ್ ಕೆರೆಗೆ ಹೋದ್ರು. ಹೋಗಿ ಏನು ಮಾಡಿದ್ರು? ಬೊಗಸೆಲಿ ನೀರು ತಗೊಂಡು ಕುಡಿದ್ರು. ಈ ಕೆರೆ ಸವರ್ಣೀಯರದು, ಇದನ್ನ ಮುಚ್ಚಿ, ನಮಗೆ ಬೇರೆ ಕೆರೆ ತೋಡಿಸಿ ಅಂತ ಕೇಳ್ಲಿಲ್ಲ. ಇದೇ ನೀರು, ಇದೇ ಮೆಟ್ಟಿಲು, ನಾವೂ ಇಳೀತೀವಿ ಅಂದ್ರು. ಆ ಮೇಲೆ ಸಗಣಿ, ಗಂಜಲ ಸುರಿದು ಕೆರೆ ಶುದ್ಧ ಮಾಡಿದವರು ಯಾರು ಅಂತ ನಿಮಗೆ ಗೊತ್ತು. ಕೋರ್ಟಿನಲ್ಲಿ ಆ ಕೇಸು ಗೆಲ್ಲೋಕೆ ಹತ್ತು ವರ್ಷ ಬೇಕಾಯ್ತು. ಇಡೀ ಹತ್ತು ವರ್ಷ ಕೇಳಿದ್ದು ಇದೇ ಒಂದು ಹಕ್ಕು: ಇರೋ ಕೆರೆಗೆ ಇಳಿಯೋ ಹಕ್ಕು.

ಬಾಗಿಲು ತೆಗೆಯೋದು ಬೇರೆ, ಮನೆ ಕೆಡವೋದು ಬೇರೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ನಗರದಲ್ಲಿ ಕರಿಯರನ್ನೂ ಈಜುಕೊಳಕ್ಕೆ ಬಿಡಿ ಅಂತ ಕೋರ್ಟು ಹೇಳಿದಾಗ ಅಲ್ಲಿನ ಆಡಳಿತ ಕೊಳಗಳನ್ನೇ ಮುಚ್ಚಿಬಿಡ್ತು. 1971ರಲ್ಲಿ ಸುಪ್ರೀಂ ಕೋರ್ಟು ಒಂದೇ ಮತದ ಅಂತರದಲ್ಲಿ ಅದು ಸರಿ ಅಂತಲೂ ಹೇಳ್ತು. ಅವರದು ಜನಾಂಗ ದ್ವೇಷ. ಶೆಫೀಲ್ಡಿನವರದು ಒಳ್ಳೇ ಉದ್ದೇಶ ಅಂತಲೇ ಇಟ್ಕೊಳ್ಳೋಣ, ಎರಡನ್ನೂ ಒಂದೇ ತಕ್ಕಡಿಲಿ ತೂಗಲ್ಲ. ಆದರೆ ಬೇಸಿಗೆಯ ಮಧ್ಯಾಹ್ನ ಬರಿದಾದ ಕೊಳದ ಮುಂದೆ ನಿಂತ ಮಗುಗೆ ಉದ್ದೇಶ ತಗೊಂಡು ಏನಾಗಬೇಕು?

ಇಲ್ಲಿ ಕೆಲವರು ಹೇಳ್ತಾರೆ: "ನಿಮಗೆ ಗೊತ್ತಿಲ್ಲ, ಇಂಗ್ಲೆಂಡಿನ ಕೆಥೆಡ್ರಲ್ ಕ್ವಾಯರ್ ಅಂದ್ರೆ ಉಳ್ಳವರ ಸ್ವತ್ತು." ಗೊತ್ತಿದೆ ಸ್ವಾಮಿ, ಸುಳ್ಳು ಅಂತ ನಾನೂ ಹೇಳಲ್ಲ. ಎಷ್ಟೋ ದೊಡ್ಡ ಕೆಥೆಡ್ರಲ್ಲುಗಳಿಗೆ ತಮ್ಮದೇ ಶಾಲೆಗಳಿವೆ, ಬಹುಪಾಲು ಫೀಸು ಕಟ್ಟೋ ಶಾಲೆಗಳು. ಶತಮಾನಗಳ ಕಾಲ ಹುಡುಗರಿಗೆ ಮಾತ್ರ ಅಲ್ಲಿ ಜಾಗ. ಹುಡುಗಿಯರಿಗೆ ಅಂತ ಒಂದು ತಂಡವನ್ನ ಸಾಲ್ಸ್‌ಬರಿ ಕೆಥೆಡ್ರಲ್ಲಿನವರು ಕಟ್ಟಿದ್ದು 1991ರಲ್ಲಿ. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ಹುಡುಗಿಯರು ಪೂರ್ಣ ಸದಸ್ಯರಾಗಿ ನಿಲ್ಲೋ ಹೊತ್ತಿಗೆ 2024 ಬಂತು! ನಮ್ಮ ಸಂಗೀತ ಸಭೆಗಳನ್ನ ನೋಡಿ ಬೆಳೆದವರು ನಾವು. ವೇದಿಕೆ ಮೇಲೆ ಯಾರು, ಎದುರಿಗೆ ಯಾರು, ಹೊರಗೆ ಚಪ್ಪಲಿ ಕಾಯೋರು ಯಾರು ಅನ್ನೋ ಲೆಕ್ಕ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಶೆಫೀಲ್ಡಿನ ಕಥೆ ಸ್ವಲ್ಪ ಬೇರೆ. ಆ ಕೆಥೆಡ್ರಲ್ಲಿಗೆ ಸ್ವಂತ ಶಾಲೆ ಇಲ್ಲ. ಮಕ್ಕಳು ಊರಿನ ಬೇರೆ ಬೇರೆ ಶಾಲೆಗಳಿಂದ ಬರ್ತಿದ್ರು, ಹುಡುಗರೂ ಇದ್ರು, ಹುಡುಗಿಯರೂ ಇದ್ರು. ಅವರಲ್ಲಿ ಅನುಕೂಲಸ್ಥರ ಮಕ್ಕಳು ಇರ್ಲಿಲ್ಲ ಅಂತ ನಾನು ಹೇಳ್ತಿಲ್ಲ. ಇದ್ದೇ ಇರ್ತಾರೆ. ವಾರಕ್ಕೆ ಮೂರ್ನಾಲ್ಕು ದಿನ ಮಗೂನ ಕರ್ಕೊಂಡು ಬಂದು ಬಿಟ್ಟು, ಮತ್ತೆ ಕರ್ಕೊಂಡು ಹೋಗೋಕೆ ಕಾರು, ಪುರುಸೊತ್ತು ಎರಡೂ ಬೇಕಲ್ಲ. ಅದು ನಿಜವಾದ ಸಮಸ್ಯೆ. ಆದರೆ ಅದಕ್ಕೆ ಪರಿಹಾರ ಏನು? ಬಸ್ ಚಾರ್ಜು ಕೊಡಿ. ಯೆಮೆನಿ ಮಕ್ಕಳು, ಪಾಕಿಸ್ತಾನಿ ಮಕ್ಕಳು ಓದೋ ಶಾಲೆಗೆ ಹಾಡು ಕಲಿಸೋ ಮೇಷ್ಟ್ರನ್ನ ಕಳಿಸಿ. ಸಂಜೆ ಬಿಸಿ ಊಟ ಹಾಕಿ. ಇರೋ ಇಪ್ಪತ್ತು ಮಕ್ಕಳ ಪಕ್ಕದಲ್ಲಿ ಹೊಸ ಇಪ್ಪತ್ತನ್ನ ನಿಲ್ಲಿಸಿ. ಇದಕ್ಕೆಲ್ಲ ದುಡ್ಡು ಬೇಕು. ತಂಡ ಮುಚ್ಚೋಕೆ ಒಂದು ಪ್ರಕಟಣೆ ಸಾಕು.

ಇಲ್ಲಿ ಕ್ವಾಯರ್ ಅನ್ನೋದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ವಾದ ನಿಂತಿರೋದೇ ಅದರ ಮೇಲೆ.

ಏಳೆಂಟು ವರ್ಷಕ್ಕೆ ಮಗು ಸೇರುತ್ತೆ. ಮೊದಲೊಂದಿಷ್ಟು ಕಾಲ ಅದು ಉಮೇದುವಾರ. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳ ಪಕ್ಕದಲ್ಲಿ ನಿಲ್ಲುತ್ತೆ. ಪುಸ್ತಕದಲ್ಲಿ ಎಲ್ಲಿದ್ದೀವಿ ಅಂತ ದೊಡ್ಡ ಮಗು ಬೆರಳಿಟ್ಟು ತೋರಿಸುತ್ತೆ. ಎಲ್ಲಿ ಉಸಿರು ತಗೋಬೇಕು, ಯಾವಾಗ ಸುಮ್ಮನಾಗಬೇಕು ಅನ್ನೋದನ್ನ ಮೇಷ್ಟ್ರಿಗಿಂತ ಜಾಸ್ತಿ ಪಕ್ಕದವರಿಂದಲೇ ಕಲಿಯುತ್ತೆ. ಎರಡು ಮೂರು ವರ್ಷಕ್ಕೆ ಯಾವ ಹಾಳೆ ಕೊಟ್ರೂ ನೋಡಿ ಹಾಡೋಕೆ ಬರುತ್ತೆ. ಹುಡುಗರಾದ್ರೆ ಗಂಟಲು ಒಡೆಯೋ ತನಕ ಅಷ್ಟೇ ಅವರ ಕಾಲ. ಅಷ್ಟರಲ್ಲಿ ಅವರು ತಮ್ಮ ಪಕ್ಕದ ಚಿಕ್ಕವರಿಗೆ ಬೆರಳಿಟ್ಟು ತೋರಿಸಿ ಆಗಿರುತ್ತೆ. ಕಟ್ಟಡಕ್ಕೆ ಬೀಗ ಹಾಕಿ ಎರಡು ವರ್ಷ ಬಿಟ್ಟು ತೆಗೆದ್ರೆ ಕಲ್ಲು ಅಲ್ಲೇ ಇರುತ್ತೆ. ಮಕ್ಕಳ ಗಂಟಲು ಕಾಯಲ್ಲ.

ಇದು ನನ್ನ ಊಹೆ ಅಲ್ಲ, ಅವರದೇ ಚರಿತ್ರೆಲಿ ಇದೆ. 1640ರ ದಶಕದಲ್ಲಿ, ರಾಜನ ವಿರುದ್ಧದ ಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಕೆಥೆಡ್ರಲ್ ಕ್ವಾಯರುಗಳನ್ನೆಲ್ಲ ನಿಲ್ಲಿಸಿದ್ರು. 1660ರಲ್ಲಿ ರಾಜಪ್ರಭುತ್ವ ವಾಪಸ್ ಬಂತು. ಹಾಡಿ ಅಂದ್ರು. ಹಾಡೋಕೆ ಮಕ್ಕಳೇ ಇಲ್ಲ! ಹದಿನೈದು ವರ್ಷದಲ್ಲಿ ಒಂದು ಇಡೀ ತಲೆಮಾರು ಕಲಿಯದೇ ದೊಡ್ಡದಾಗಿಬಿಟ್ಟಿತ್ತು. ಮ್ಯಾಥ್ಯೂ ಲಾಕ್ ಅನ್ನೋ ಸಂಗೀತಗಾರ ಆ ಕಾಲವನ್ನ ಕಣ್ಣಾರೆ ಕಂಡು ಬರೆದಿದ್ದಾನೆ: ರಾಜನ ಸ್ವಂತ ಚಾಪೆಲ್ಲಿನಲ್ಲೇ ಒಂದು ವರ್ಷದ ಮೇಲೆ ಮಕ್ಕಳ ದನಿಯ ಜಾಗದಲ್ಲಿ ಕಾರ್ನೆಟ್ ಅನ್ನೋ ಊದುವ ವಾದ್ಯ ಊದಿಸಿದ್ರು, ಗಂಡಸರ ಕೈಲಿ ಕಳ್ಳದನಿ ತೆಗೆಸಿ ಹಾಡಿಸಿದ್ರು. ರಾಜನ ಮನೆಯಲ್ಲೇ ಈ ಗತಿ. ಹಾಗಿದ್ದಾಗ ಉಕ್ಕಿನ ಊರಿನ ಕೆಥೆಡ್ರಲ್ಲಿಗೆ "ಮುಚ್ಚಿ ಹೊಸದಾಗಿ ಕಟ್ಟೋಣ" ಅನ್ನೋ ಧೈರ್ಯ ಎಲ್ಲಿಂದ ಬಂತೋ.

ಇನ್ನೊಂದು ಕಥೆ ಇದೆ, ಅದೇ ಊರಿನ ಪಕ್ಕದ್ದು. ಈ ಇಡೀ ವಿಚಾರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಕೆಥೆಡ್ರಲ್ಲುಗಳ ಮಾತು ಬಿಡಿ, ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಹಾಡ್ತಿದ್ದವರು ಬಿಳಿ ನಿಲುವಂಗಿ ತೊಟ್ಟ ಮಕ್ಕಳಲ್ಲ. ಕಮ್ಮಾರರು, ಚಮ್ಮಾರರು, ಕೂಲಿ ಆಳುಗಳು. ಪಿಟೀಲು, ಕ್ಲಾರಿನೆಟ್, ದೊಡ್ಡ ತಂತಿವಾದ್ಯ ಹಿಡ್ಕೊಂಡು ಚರ್ಚಿನ ಹಿಂಭಾಗದ ಅಟ್ಟದ ಮೇಲೆ ಕೂತು ಬಾರಿಸ್ತಿದ್ರು, ಹಾಡ್ತಿದ್ರು. ಹತ್ತೊಂಬತ್ತನೇ ಶತಮಾನದಲ್ಲಿ ಸುಧಾರಣೆ ಬಂತು. ಇವರು ಗಲಾಟೆ ಜನ, ಶಿಸ್ತಿಲ್ಲ, ಕುಡೀತಾರೆ, ಆರಾಧನೆಗೆ ಇದು ತಕ್ಕದ್ದಲ್ಲ ಅಂತ ಪಾದ್ರಿಗಳಿಗೆ ಅನ್ನಿಸ್ತು. ಅಟ್ಟ ಕಿತ್ತು ಹಾಕಿ, ಆರ್ಗನ್ ತರಿಸಿ, ಮುಂದೆ ನಿಲುವಂಗಿಯ ಕ್ವಾಯರ್ ನಿಲ್ಲಿಸಿದ್ರು. ಇಂಗ್ಲಿಷ್ ಎಂ.ಎ. ಮಾಡಿದವರು ಥಾಮಸ್ ಹಾರ್ಡಿ ಓದಿರ್ತೀರಿ. 1872ರಲ್ಲಿ ಬಂದ ಅವನ 'ಅಂಡರ್ ದ ಗ್ರೀನ್‌ವುಡ್ ಟ್ರೀ' ಕಾದಂಬರಿ ಹೀಗೆ ಕೆಲಸ ಕಳ್ಕೊಂಡ ಒಂದು ಹಳ್ಳಿ ತಂಡದ್ದೇ. ಅವನ ಅಪ್ಪ, ತಾತ ಇಬ್ಬರೂ ಅಂಥ ತಂಡದಲ್ಲಿ ಬಾರಿಸಿದವರು.

ಸರಿ, ಹೊರಗೆ ಹಾಕಿದ ಮೇಲೆ ಆ ಹಾಡುಗಳು ಎಲ್ಲಿ ಹೋದವು? ಶೆಫೀಲ್ಡಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಹೆಂಡದಂಗಡಿಗೆ ಹೋದವು. ಈಗಲೂ ಅಲ್ಲಿ ನವೆಂಬರ್ ಮಧ್ಯದಿಂದ ಕ್ರಿಸ್‌ಮಸ್ ತನಕ ಭಾನುವಾರ ಮಧ್ಯಾಹ್ನ ಡಂಗ್‌ವರ್ತ್‌ನಂಥ ಹಳ್ಳಿಗಳ ಪಬ್ಬುಗಳಲ್ಲಿ ಜನ ಕಿಕ್ಕಿರಿದು ಸೇರ್ತಾರೆ. ಕೈಲಿ ಬಿಯರ್ ಲೋಟ. ಚರ್ಚಿನಿಂದ ಆಚೆ ಹಾಕಿದ ಆ ಹಳೇ ಕ್ರಿಸ್‌ಮಸ್ ಹಾಡುಗಳನ್ನ ಮೂರ್ನಾಲ್ಕು ದನಿಗಳಲ್ಲಿ ಹಾಡ್ತಾರೆ. ಒಂದೇ ಪದಕ್ಕೆ ಒಂದೊಂದು ಊರಲ್ಲಿ ಒಂದೊಂದು ಧಾಟಿ. ಪಾದ್ರಿಯ ಅಪ್ಪಣೆ ಬೇಕಿಲ್ಲ. ನನಗೆ ಇದನ್ನ ಓದಿದಾಗ ನಮ್ಮ ತತ್ವಪದದವರ ನೆನಪು ಬಂತು, ಯಾವ ಗುಡಿಯ ಅಂಗಳಕ್ಕೂ ಕಾಯದೆ ಮರದ ಬುಡದಲ್ಲೇ ಏಕತಾರಿ ಹಿಡಿದು ಕೂರೋ ಜನ.

ಅಂದ್ರೆ 2020ರಲ್ಲಿ ಕಳಿಸಲ್ಪಟ್ಟ ಈ ನಿಲುವಂಗಿಯ ಕ್ವಾಯರಿನ ಪದ್ಧತಿ ಇದೆಯಲ್ಲ, ಅದೂ ಒಂದು ಕಾಲದಲ್ಲಿ ಬಡವರ ತಂಡಗಳನ್ನ ಓಡಿಸಿ ಎಷ್ಟೋ ಚರ್ಚುಗಳಲ್ಲಿ ಜಾಗ ಹಿಡಿದಿದ್ದೇ. ಇದನ್ನ ಮರೆತು "ಸಾವಿರ ವರ್ಷದ ಪರಂಪರೆ" ಅಂತ ಎದೆ ಬಡ್ಕೊಳ್ಳೋರ ಜೊತೆ ನಾನಿಲ್ಲ. ಆವತ್ತೂ ಹೊಸದನ್ನ ತರೋಕೆ ಹಳೇ ಹಾಡುಗಾರರನ್ನ ಕಳಿಸಿದ್ರು, ಈವತ್ತೂ ಅದನ್ನೇ ಮಾಡಿದ್ರು. ಆವತ್ತು ಹೇಳಿದ ಕಾರಣ ಶಿಸ್ತು, ಈವತ್ತು ಹೇಳಿದ ಕಾರಣ ಒಳಗೊಳ್ಳುವಿಕೆ. ಎರಡು ಸಲವೂ ತೀರ್ಮಾನ ತಗೊಂಡವರು ಹಾಡೋ ಜನ ಅಲ್ಲ.

ಚಳವಳಿ ಮಾಡಿದವರ ಕಡೆ ಬರ್ತೀನಿ, ನಮಗೆ ಪಾಠ ಇರೋದು ಅಲ್ಲಿ.

ಸುದ್ದಿ ಬಂದ ಕೂಡಲೇ ಪತ್ರಿಕೆಗಳಲ್ಲಿ ದೊಡ್ಡ ಗದ್ದಲ ಆಯ್ತು. ಹಳೇ ಹಾಡುಗಾರರು, ಸಂಗೀತದವರು ಪತ್ರ ಬರೆದ್ರು. ಹಾಗೇ ಬಲಪಂಥದ ಬರಹಗಾರರೂ ನುಗ್ಗಿದ್ರು. ಅವರಿಗೆ ಆ ಮಕ್ಕಳ ಮೇಲೆ ಪ್ರೀತಿಯೇನೂ ಇರ್ಲಿಲ್ಲ. ನೋಡಿ, ಕರಿಯರನ್ನ, ವಲಸಿಗರನ್ನ ಓಲೈಸೋಕೆ ಹೋಗಿ ನಮ್ಮ ಸಂಸ್ಕೃತಿ ಹಾಳು ಮಾಡ್ತಿದ್ದಾರೆ ಅಂತ ಹೇಳೋಕೆ ಒಂದು ನೆಪ ಸಿಕ್ತು. ಯಾವ ಯೆಮೆನಿಯೂ, ಯಾವ ಪಾಕಿಸ್ತಾನಿಯೂ ಈ ಕ್ವಾಯರ್ ಮುಚ್ಚಿ ಅಂತ ಕೆಥೆಡ್ರಲ್ ಬಾಗಿಲಿಗೆ ಹೋಗಿರ್ಲಿಲ್ಲ. ತೀರ್ಮಾನ ಮಂಡಳಿಯದು, ಬೈಗುಳ ಮಾತ್ರ ಇವರಿಗೆ. ಇದು ನಮಗೆ ಎಷ್ಟು ಚೆನ್ನಾಗಿ ಗೊತ್ತಲ್ವಾ? ನಮ್ಮ ಹೆಸರಲ್ಲಿ ಮೇಲಿನವರು ಏನೋ ಮಾಡ್ತಾರೆ, ಆಮೇಲೆ ಅದರ ಸಿಟ್ಟು ಊರಿನವರು ನಮ್ಮ ಮೇಲೆ ತೀರಿಸ್ಕೊಳ್ತಾರೆ. ಮೇಲಿನಿಂದ ಮಾಡೋ ಒಳಗೊಳ್ಳುವಿಕೆಯ ಬಗ್ಗೆ ನನಗಿರೋ ದೊಡ್ಡ ತಕರಾರು ಇದೇ.

ಆದರೆ ಅಪ್ಪ ಅಮ್ಮಂದಿರಲ್ಲಿ ಕೆಲವರು ಬೇರೆ ದಾರಿ ಹಿಡಿದ್ರು. ಬೈಕೊಂಡು ಕೂರ್ಲಿಲ್ಲ. ಅದೇ 2020ರಲ್ಲೇ ಮಕ್ಕಳನ್ನ ಸೇರಿಸಿ 'ಸ್ಟೀಲ್ ಸಿಟಿ ಕೋರಿಸ್ಟರ್ಸ್' ಅಂತ ಸ್ವತಂತ್ರ ತಂಡ ಕಟ್ಟಿದ್ರು. ಉಕ್ಕಿನ ಊರಿನ ಹಾಡುಮಕ್ಕಳು ಅನ್ನಿ. ಯಾವ ಕೆಥೆಡ್ರಲ್ಲಿನ ಹಂಗೂ ಇಲ್ಲ. ಯಾವ ಚರ್ಚು ಕರೆಯುತ್ತೋ ಅಲ್ಲಿಗೆ ಹೋಗಿ ಅದೇ ಸಂಜೆಯ ಆರಾಧನೆ ಹಾಡೋದು. ನೆಲೆ ಹೋಯ್ತು, ಚೈನು ಕಡೀಲಿಲ್ಲ. ಆಮೇಲೆ ಕೆಥೆಡ್ರಲ್ಲೂ ತನ್ನ ಹೊಸ ಕ್ವಾಯರ್ ಕಟ್ತು, ಅಲ್ಲಿನ ಹೊಸ ಮಕ್ಕಳೂ ಚೆನ್ನಾಗಿ ಹಾಡ್ಲಿ, ಅವರ ಮೇಲೆ ನನಗೇನು ಸಿಟ್ಟು? ಈಗ ಒಂದು ಊರಿಗೆ ಎರಡು ತಂಡ. ಎರಡನ್ನೂ ಒಂದೇ ಸೂರಿನ ಕೆಳಗೆ ಬೆಳೆಸಬಹುದಿತ್ತು ಅನ್ನೋದೇ ನನ್ನ ಸಂಕಟ.

ಹೋಲಿಸಿ ನೋಡೋಕೆ ಇನ್ನೆರಡು ಪ್ರಕರಣ. 2023ರ ಮಾರ್ಚಿನಲ್ಲಿ ಬಿಬಿಸಿಯವರು ತಮ್ಮ 'ಬಿಬಿಸಿ ಸಿಂಗರ್ಸ್' ತಂಡ ಮುಚ್ತೀವಿ ಅಂದ್ರು. 1924ರಿಂದ ಇದ್ದ ತಂಡ, ನೂರಕ್ಕೆ ಒಂದು ವರ್ಷ ಬಾಕಿ. ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ರು, ನೂರಾರು ಸಂಗೀತ ರಚನಕಾರರು ಒಟ್ಟಾಗಿ ಪತ್ರ ಬರೆದ್ರು. ಅದೇ ತಿಂಗಳಲ್ಲಿ ಬಿಬಿಸಿ ಹಿಂದೆ ಸರೀತು, ಮುಂದೆ ತಂಡ ಉಳೀತು. 2024ರಲ್ಲಿ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನವರು 'ಸೇಂಟ್ ಜಾನ್ಸ್ ವಾಯ್ಸಸ್' ಅನ್ನೋ ತಂಡ ಮುಚ್ಚಿದ್ರು. ಅದು ಹೆಂಗಸರೂ ಗಂಡಸರೂ ಸೇರಿ ಹಾಡ್ತಿದ್ದ ತಂಡ. ಕಾಲೇಜಿನ ದೊಡ್ಡ ಹೆಸರಿನ ಕ್ವಾಯರಲ್ಲಿ ಹೆಂಗಸರಿಗೆ ಜಾಗ ಇಲ್ಲದ ಕಾಲದಲ್ಲಿ, 2013ರಲ್ಲಿ, ಹುಟ್ಟಿದ್ದು. ಹೇಳಿದ ಕಾರಣ? ಹೆಚ್ಚು ವಿದ್ಯಾರ್ಥಿಗಳಿಗೆ, ಹೆಚ್ಚು ಬಗೆಯ ಸಂಗೀತಕ್ಕೆ ಅವಕಾಶ ಮಾಡೋದು. ಮತ್ತೆ ಅದೇ ಮಾತು! ಅಲ್ಲೂ ಸಾವಿರಾರು ಜನ ಸಹಿ ಹಾಕಿದ್ರು. ಏನೂ ಆಗ್ಲಿಲ್ಲ.

ಯಾಕೆ ಒಂದು ಕಡೆ ಆಯ್ತು, ಇನ್ನೊಂದು ಕಡೆ ಆಗ್ಲಿಲ್ಲ? ನನಗೆ ಅನ್ನಿಸೋದು, ಬಿಬಿಸಿ ಜನರ ದುಡ್ಡಲ್ಲಿ ನಡೆಯೋದು, ಜನಕ್ಕೆ ಉತ್ತರ ಕೊಡಲೇಬೇಕು. ಜೊತೆಗೆ ಆ ಹಾಡುಗಾರರು ಸಂಬಳದ ದೊಡ್ಡವರು, ಅವರ ಬೆನ್ನಿಗೆ ಯೂನಿಯನ್ ಇತ್ತು. ಕೆಥೆಡ್ರಲ್ಲಿನ ಮಂಡಳಿ, ಕಾಲೇಜಿನ ಮಂಡಳಿ ಯಾರಿಗೆ ಉತ್ತರ ಕೊಡಬೇಕು? ಹತ್ತು ವರ್ಷದ ಮಗುಗೆ ಯಾವ ಯೂನಿಯನ್ ಇದೆ? ಸಹಿ ಸಂಗ್ರಹಕ್ಕೆ ಬೆಲೆ ಇರೋದು ಎದುರಿಗೆ ಕೂತವನು ನಿಮಗೆ ಉತ್ತರ ಕೊಡಬೇಕಾದ ಜಾಗದಲ್ಲಿದ್ರೆ ಮಾತ್ರ. ಇಲ್ಲದಿದ್ರೆ ಸ್ಟೀಲ್ ಸಿಟಿಯವರ ಹಾಗೆ ಹೊರಗೆ ಬಂದು ಹಾಡೋದೇ ಚಳವಳಿ.

ಚರ್ಚಿನಲ್ಲೂ ಜಾತಿ ಇದೆಯಲ್ಲ ಅಂತ ಕಾಮೆಂಟಲ್ಲಿ ಬರೆಯೋಕೆ ಕೆಲವರು ರೆಡಿ ಇದ್ದೀರಿ, ಗೊತ್ತು. ಇದೆ. ತಮಿಳುನಾಡಿನಲ್ಲಿ ದಲಿತ ಕ್ರಿಶ್ಚಿಯನ್ನರ ಹೆಣಕ್ಕೂ ಬೇರೆ ಗೋಡೆ ಕಟ್ಟಿದ ಊರುಗಳಿವೆ. 1950ರ ರಾಷ್ಟ್ರಪತಿ ಆದೇಶದಿಂದ ನಮ್ಮ ಚಿಕ್ಕಪ್ಪನ ಮಕ್ಕಳಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಇಲ್ಲ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು, ಇವರನ್ನ ಇನ್ನೂ ಸೇರಿಸಿಲ್ಲ. ಅದರ ಮೇಲೆ ಬೇರೆ ಪೋಸ್ಟೇ ಬರೀಬಹುದು. ಆದರೆ ಇನ್ನೊಂದೂ ನಿಜ. ನಮ್ಮ ಚಿಕ್ಕಪ್ಪ ಊರ ಭಜನೆ ಮನೆಯ ಮೆಟ್ಟಿಲು ಹತ್ತೋ ಹಾಗಿರ್ಲಿಲ್ಲ. ಮಿಷನ್ ಚರ್ಚಿನ ಕ್ವಾಯರಲ್ಲಿ ನಾಲ್ಕು ದನಿಯ ಹಾಡಿಗೆ ಕೆಳಗಿನ ದನಿ ಹಾಡೋರು. ಎಪ್ಪತ್ತು ದಾಟಿದ ಮೇಲೂ ನೋಟು ನೋಡಿ ಹಾಡೋರು. ಯಾವ ಸಂಗೀತ ವಿದ್ವಾಂಸರೂ ಅವರಿಗೆ ಕಲಿಸಿರ್ಲಿಲ್ಲ, ಪಕ್ಕದಲ್ಲಿ ನಿಂತ ದೊಡ್ಡ ಹುಡುಗ ಕಲಿಸಿದ್ದ. ಅವರ ಮಗಳಿಗೆ ಶೆಫೀಲ್ಡಿನ ಹಿಂದಿನ ಬೆಂಚಲ್ಲಿ ಯಾಕೆ ಮನೆಗೆ ಬಂದ ಹಾಗಾಗ್ತಿತ್ತು ಅಂತ ಈಗ ಅರ್ಥ ಆಗಿರಬೇಕು.

ಈಗ ಭಾನುವಾರದ ಮೀಟಿಂಗು.

ನಮ್ಮ ಕಾಲೋನಿಲಿ ಒಂದು ಮಕ್ಕಳ ಹಾಡಿನ ತಂಡ ಇದೆ, ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಹಾಸ್ಟೆಲ್ ಹುಡುಗಿಯರು, ಕಾಲೋನಿ ಹುಡುಗರು ಸೇರಿ ಹದಿನಾರು ಜನ. ಚಳವಳಿ ಹಾಡು ಹಾಡ್ತಾರೆ, ತಮಟೆ ಬಾರಿಸ್ತಾರೆ. ತಮಟೆ ಬಾರಿಸೋಳು ಒಂಬತ್ತನೇ ಕ್ಲಾಸಿನ ಹುಡುಗಿ. ಸಾವಿಗೆ, ಊರ ಹಬ್ಬಕ್ಕೆ ನಮ್ಮ ತಾತಂದಿರ ಕೈಲಿ ಬಿಟ್ಟಿ ಬಾರಿಸಿದ ತಮಟೆನ ಅವಳು ತಲೆ ಎತ್ತಿ ಬಾರಿಸ್ತಾಳೆ. ಅವಳು ಏಳನೇ ಕ್ಲಾಸಿನ ಇಬ್ಬರಿಗೆ ಕಲಿಸ್ತಿದ್ದಾಳೆ, ಪೆಟ್ಟು ತಪ್ಪಿದ್ರೆ ಬೈತಾಳೆ.

ಸಮಿತಿಲಿ ಬಂದ ಮಾತು ಇದು: ಈ ಸಲ ಜಯಂತಿಗೆ ಎಲ್ಲಾ ಸಮುದಾಯದವರೂ ಬರಬೇಕು. ಈ ಹಾಡುಗಳು ಕೆಲವರಿಗೆ ಇರುಸುಮುರುಸು ಮಾಡ್ತವೆ. ಆರ್ಕೆಸ್ಟ್ರಾ ಕರೆಸೋಣ. ಮಕ್ಕಳ ತಂಡನ ಒಂದು ವರ್ಷ ನಿಲ್ಲಿಸಿ, ಆಮೇಲೆ ಎಲ್ಲರನ್ನೂ ಸೇರಿಸ್ಕೊಂಡು ಹೊಸದಾಗಿ ಕಟ್ಟೋಣ.

ಹೇಳಿದವರು ಕೆಟ್ಟವರಲ್ಲ. ನನಗಿಂತ ಹಿರಿಯರು, ಜೈಲಿಗೆ ಹೋಗಿ ಬಂದವರು. ಎಲ್ಲರೂ ಬರಬೇಕು ಅನ್ನೋದು ನನ್ನ ಆಸೆಯೂ ಹೌದು. ಮೇಲಿನ ಬೀದಿ ಮಕ್ಕಳು ಬರಲಿ, ನಮ್ಮ ಹುಡುಗಿ ಪಕ್ಕ ನಿಂತು ತಮಟೆ ಕಲೀಲಿ, ಅದಕ್ಕಿಂತ ದೊಡ್ಡ ಜಯಂತಿ ಯಾವುದಿದೆ? ಆದರೆ ಅವರು ಬರೋ ಮುಂಚೆ ಇವಳನ್ನ ಕಳಿಸಿಬಿಟ್ರೆ ಅವರು ಯಾರ ಪಕ್ಕ ನಿಲ್ಲಬೇಕು? ಮುಂದಿನ ವರ್ಷ ಅವಳು ಎಸ್ಸೆಸ್ಸೆಲ್ಸಿ. ಆಮೇಲೆ ಕಾಲೇಜು ಅಂತ ಬೇರೆ ಊರಿಗೆ ಹೋಗ್ತಾಳೆ. ಒಂದು ವರ್ಷ ನಿಲ್ಲಿಸಿದ್ರೆ ಆ ಏಳನೇ ಕ್ಲಾಸಿನವರಿಗೆ ಪೆಟ್ಟು ತಿದ್ದೋರು ಯಾರೂ ಇರಲ್ಲ. ಹದಿನಾರು ಮಕ್ಕಳಲ್ಲಿ ಒಬ್ಬರನ್ನೂ ಯಾರೂ ಏನೂ ಕೇಳಿರ್ಲಿಲ್ಲ. ನಾನು ಎದ್ದು ಶೆಫೀಲ್ಡ್ ಅಂದಿದ್ದು ಆಗ.

ಸ್ಮಶಾನದ ದಾರಿ ಕೇಳಿದ ಹುಡುಗನಿಗೆ: ತಮ್ಮಾ, ಆ ದಾರಿಗೂ ಹೋರಾಡೋಣ, ತಹಶೀಲ್ದಾರ್ ಆಫೀಸಿನ ಮುಂದೆ ಕೂತಾಗ ಹಾಡೋಕೆ ಆ ಹದಿನಾರು ಮಕ್ಕಳೇ ಬೇಕಾಗೋದು.

ತೀರ್ಮಾನ ಇನ್ನೂ ಆಗಿಲ್ಲ. ಮುಂದಿನ ಮೀಟಿಂಗಿಗೆ ತಂಡದಿಂದ ಇಬ್ಬರು ಮಕ್ಕಳನ್ನ ಕೂರಿಸ್ಕೊಳ್ಳಿ, ಅವರು ಮಾತಾಡಿದ ಮೇಲೆ ತೀರ್ಮಾನ ತಗೊಳ್ಳಿ ಅಂತ ಬರೆದು ಕೊಟ್ಟಿದ್ದೀನಿ. ಅಧ್ಯಕ್ಷರು "ನೋಡೋಣ" ಅಂದಿದ್ದಾರೆ. ತಾಲ್ಲೂಕಿನ ಗೆಳೆಯರು ಮೀಟಿಂಗಿಗೆ ಬನ್ನಿ, ಫೋನಲ್ಲಿ ಬೆಂಬಲ ಹೇಳಿ ಮನೇಲಿ ಕೂರಬೇಡಿ.

ಪ್ರಾಕ್ಟೀಸು ಬುಧವಾರ ಸಂಜೆ, ಎಂದಿನ ಹಾಗೆ ಸಮುದಾಯ ಭವನದ ಹಿಂದೆ. ತಮಟೆ ಕಾಯಿಸೋಕೆ ಒಣಗಿದ ತೆಂಗಿನ ಗರಿ ಖಾಲಿಯಾಗಿದೆ, ತೋಟ ಇರೋರು ಯಾರಾದ್ರೂ ಒಂದು ಹೊರೆ ತನ್ನಿ.

ಜೈಭೀಮ್.